ಕುಮಟಾ ರಸ್ತೆಯ ಉಳ್ಳಾಗಡ್ಡಿ ಜಡೆ: ಎರಡು ದಿನದ ಬೈಕ್ ಪ್ರವಾಸ ಕಲಿಸಿದ ಪಾಠ

ಹೋದ ಮುಂಗಾರಿನ ಉಳ್ಳಾಗಡ್ಡಿ ನಮ್ಮನ್ನ ಹೆಚ್ಚದೇನೇ ಅಳಿಸಿತು. ಕೀಳೋ ಹೊತ್ತಿಗೆ ಮಳೆ ಹಿಡೀತು. ಅರ್ಧಂಬರ್ಧ ಒಣಗಿದ್ದನ್ನೇ ಚೀಲಕ್ಕೆ ತುಂಬಿ, ರೇಟು ಬರಲಿ ಅಂತ ಕಾದೆವು. 60 ಚೀಲದಲ್ಲಿ 22 ಚೀಲ ಕೊಳೆತು ತಿಪ್ಪೆಗೆ ಹೋದವು.

ನನ್ನ ದೊಡ್ಡಪ್ಪನ ಮಗ ಅಂದೇ ಹೇಳಿಬಿಟ್ಟ: "ಅಣ್ಣಾ, ಹೊಲ ಲಾವಣಿಗೆ ಕೊಟ್ಟು ಬೆಂಗಳೂರಿಗೆ ಹೋಗ್ತೀನಿ. ಸಾಕಾತು ನನಗ." ಎದುರು ಮಾತಾಡೋಕೆ ನನ್ನ ಹತ್ರ ಏನೂ ಇರಲಿಲ್ಲ. ಮಾರ್ಚ್‌ನಲ್ಲಿ ಒಂದು ಶನಿವಾರ ಮಾತ್ರ ಹೇಳಿದೆ, "ಹೋಗೋದಿದ್ರ ಹೋಗು. ಅದಕ್ಕೂ ಮೊದಲ ಒಮ್ಮೆ ಸಮುದ್ರ ನೋಡ್ಕೊಂಡು ಬರೂಣ ಬಾ."

ಹಾವೇರಿಯಿಂದ ಕುಮಟಾಕ್ಕೆ

ಬೆಳಿಗ್ಗೆ ಬೇಗ ಹೊರಟು ಹಾನಗಲ್ ದಾಟಿದೆವು. ಶಿರಸಿ ಹತ್ತಿರ ಬಂದಂತೆ ಬಯಲು ಮುಗಿದು ಅಡಿಕೆ ತೋಟ ಶುರು. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ಮಧ್ಯೆ ಬಾಳೆ. ಮನೆ ಅಂಗಳದಲ್ಲೆಲ್ಲ ಚಾಲಿ ಅಡಿಕೆ ಬಿಸಿಲಿಗೆ ಹರವಿತ್ತು. "ಇವ್ರು ಒಣಗಿಸದ ಮಾರೋದೇ ಇಲ್ಲ ನೋಡು" ಅಂದ ತಮ್ಮ. ಆಗ ಆ ಮಾತು ಅಷ್ಟಾಗಿ ತಲೆಗೆ ಹೋಗಲಿಲ್ಲ.

ಶಿರಸಿ ಬಿಟ್ಟ ಮೇಲೆ ದೇವಿಮನೆ ಘಟ್ಟ. ಕಾಡು, ತಿರುವು, ತಂಪು ಗಾಳಿ. ಘಟ್ಟ ಇಳಿದದ್ದೇ ತಡ, ಮೈಗೆ ಸೆಕೆ ಅಂಟಿಕೊಂಡಿತು. ಸಂಜೆ ಕುಮಟಾ ಕಡಲದಂಡೆಯಲ್ಲಿ ಸೂರ್ಯ ಮುಳುಗೋವರೆಗೂ ಕೂತೆವು. ತಮ್ಮ ಬೆಂಗಳೂರಿನ ಮಾತು ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ಹೆದ್ದಾರಿ ಬದಿಯ ಅಂಗಡಿ

ಭಾನುವಾರ ಬೆಳಿಗ್ಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಳ್ವೆಕೋಡಿ, ಹಂದಿಗೋಣ ಕಡೆ ಹೋದೆವು. ರಸ್ತೆ ಬದಿಯಲ್ಲಿ ಸಾಲಾಗಿ ಉಳ್ಳಾಗಡ್ಡಿ ನೇತುಹಾಕಿದ್ದರು. ಎಲೆ ಸಮೇತ, ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದ ಗೊಂಚಲು. ಇದೇ ಕುಮಟಾದ ಸಿಹಿ ಈರುಳ್ಳಿ. ಖಾರ ಕಡಿಮೆ, ಹಸಿಯಾಗಿಯೇ ತಿನ್ನಬಹುದು. ಕಾರು ನಿಲ್ಲಿಸಿ ಜನ ಗೊಂಚಲುಗಟ್ಟಲೆ ಒಯ್ಯುತ್ತಿದ್ದರು. ಮಧ್ಯೆ ದಲಾಲರಿಲ್ಲ, ತೂಕದಲ್ಲಿ ಕಡಿತವೂ ಇಲ್ಲ.

ಮಾರುತ್ತಿದ್ದ ಅಕ್ಕನನ್ನು ಕೇಳಿದೆ, "ಅಕ್ಕಾ, ಎಲೆ ಯಾಕೆ ಕೊಯ್ಯೋದಿಲ್ಲ?"

ಆಕೆ ನಕ್ಕಳು. "ಎಲೆ ಕೊಯ್ದ್ರೆ ಜಡೆ ಕಟ್ಟೂಕೆ ಆಗ್ತದ್ಯೇ ತಮ್ಮಾ? ಚಲೋ ಒಣಗಿಸಿ, ಗಾಳಿ ಆಡೋ ಕಡೆ ತೂಗಿದ್ರೆ ಮಳೆಗಾಲದಲ್ಲೂ ಇರ್ತದೆ. ಚೀಲದಲ್ಲಿ ತುಂಬಿದ್ರೆ ಕೊಳೀತದೆ."

ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ನಮ್ಮ 22 ಚೀಲದ ಕತೆ ಒಂದೇ ಮಾತಿನಲ್ಲಿ ಮುಗಿದಿತ್ತು!

ಇಲ್ಲಿಯವರು ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಈರುಳ್ಳಿ ಹಾಕುತ್ತಾರೆ. ಕೀಳುವುದು ಬೇಸಿಗೆಯಲ್ಲಿ, ಒಣ ಹವೆಯಲ್ಲಿ. ನಮ್ಮ ಮುಂಗಾರಿನ ಗಡ್ಡೆಯಲ್ಲಿ ನೀರಿನಂಶ ಜಾಸ್ತಿ, ಅದು ಮೊದಲೇ ಹೆಚ್ಚು ದಿನ ತಾಳುವುದಿಲ್ಲ.

ಉಪ್ಪುನೀರಿನ ಗದ್ದೆ

ವಾಪಸ್ ಬರೋ ಮುಂಚೆ ಅಘನಾಶಿನಿ ಅಳಿವೆಯ ಮಾಣಿಕಟ್ಟಾಕ್ಕೂ ಹೋದೆವು. ಅಲ್ಲಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು, ನೆರೆ ಎರಡನ್ನೂ ತಾಳುವ ತಳಿ. ಗೊಬ್ಬರ, ಔಷಧಿ ಹಾಕುವುದಿಲ್ಲ. ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬಿಟ್ಟು ಅದೇ ಗದ್ದೆಯಲ್ಲಿ ಮೀನು, ಸಿಗಡಿ ಹಿಡಿಯುತ್ತಾರೆ. ನಾವು ಹೋದಾಗ ಗದ್ದೆ ತುಂಬ ನೀರು, ಬೆಳ್ಳಕ್ಕಿ.

"ಉಪ್ಪುನೀರಾಗೂ ಇವ್ರು ಎರಡು ದುಡಿಮಿ ತಗೀತಾರಲ್ಲೋ ಅಣ್ಣಾ" ಅಂದ ತಮ್ಮ. ಊರು ಮುಟ್ಟೋವರೆಗೂ ಅವನು ಹೆಚ್ಚು ಮಾತಾಡಲಿಲ್ಲ.

ಊರಿಗೆ ಬಂದು ಮಾಡಿದ್ದು

ಬೋರ್‌ವೆಲ್ ನೀರಿನಲ್ಲಿ ಬೆಳೆದ ಅರ್ಧ ಎಕರೆ ಬೇಸಿಗೆ ಉಳ್ಳಾಗಡ್ಡಿ ಏಪ್ರಿಲ್‌ನಲ್ಲಿ ಕೀಳೋಕೆ ಬಂತು. ಒಂದಿಷ್ಟು ಜಡೆ ಹೆಣೆದು ಪಡಸಾಲೆಯಲ್ಲಿ ತೂಗುಹಾಕಿದೆವು, ಒಂದಿಷ್ಟು ಹಳೇ ಪದ್ಧತಿಯಂತೆ ಚೀಲದಲ್ಲಿಟ್ಟೆವು. ಎರಡು ತಿಂಗಳು ಬಿಟ್ಟು ಎಣಿಸಿದಾಗ ಜಡೆಯ 200 ಗಡ್ಡೆಯಲ್ಲಿ 9 ಕೆಟ್ಟಿದ್ದವು. ಚೀಲದ 200ರಲ್ಲಿ 41!

ಹಾಗಂತ 60 ಚೀಲ ಉಳ್ಳಾಗಡ್ಡಿಗೆ ಜಡೆ ಹೆಣೆಯೋಕೆ ಆಗೋದಿಲ್ಲ, ಕೂಲಿಯೇ ಮೈಮೇಲೆ ಬೀಳುತ್ತದೆ. ಮನೆಬಳಕೆಗೆ, ಸಂತೆಯಲ್ಲಿ ನೇರ ಮಾರಾಟಕ್ಕೆ ಜಡೆ ಸರಿ. ಉಳಿದದ್ದಕ್ಕೆ ಈ ಕ್ರಮ ಬಿಡಬೇಡಿ:

• ಕೀಳುವ 10–15 ದಿನ ಮೊದಲೇ ನೀರು ನಿಲ್ಲಿಸಿ.
• ಅರ್ಧದಷ್ಟು ಗಿಡಗಳ ಎಲೆ ಬಾಗಿದಾಗ ಕೀಳಿ.
• ಹೊಲದಲ್ಲಿ 3–5 ದಿನ ಒಣಗಿಸಿ. ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗಡ್ಡೆ ಮುಚ್ಚುವಂತೆ ಹರವಿ.
• ಆಮೇಲೆ 7–10 ದಿನ ನೆರಳಲ್ಲಿ ಒಣಗಿಸಿ.
• ಎಲೆ ಕೊಯ್ಯುವಾಗ 2 ಸೆಂ.ಮೀ.ಗಿಂತ ಹೆಚ್ಚು ಕುತ್ತಿಗೆ ಬಿಡಿ.
• ಪೆಟ್ಟು ಬಿದ್ದದ್ದು, ದಪ್ಪ ಕುತ್ತಿಗೆಯದು, ಜೋಡುಗಡ್ಡೆ ಆರಿಸಿ ಮೊದಲೇ ಮಾರಿ.
• ನೆಲದಿಂದ ಎತ್ತರಿಸಿದ, ಗಾಳಿಯಾಡುವ ಅಟ್ಟಣೆಯಲ್ಲಿ ತೆಳುವಾಗಿ ಹರವಿಡಿ.

ತಮ್ಮ ಹೊಲ ಲಾವಣಿಗೆ ಕೊಟ್ಟಿಲ್ಲ. "ಇನ್ನೊಂದು ವರ್ಷ ನೋಡ್ತೀನಿ" ಅಂದಿದ್ದಾನೆ. ಮುಂದಿನ ವರ್ಷ ಏನಂತಾನೋ ಗೊತ್ತಿಲ್ಲ. ಸದ್ಯಕ್ಕೆ ಹಿತ್ತಲಲ್ಲಿ ಬಿದಿರಿನ ಅಟ್ಟಣೆ ಕಟ್ಟುತ್ತಿದ್ದಾನೆ.

ನೀವೂ ಬಿಡುವಿದ್ದಾಗ ಒಮ್ಮೆ ಹೀಗೆ ಹೋಗಿಬನ್ನಿ. ಸಮುದ್ರದ ಜೊತೆ ಸೆಲ್ಫಿ ತೆಗೆದುಕೊಳ್ಳಿ, ಹಾಗೇ ದಾರಿಯಲ್ಲಿ ಗಾಡಿ ನಿಲ್ಲಿಸಿ ಅಲ್ಲಿನ ರೈತರನ್ನೂ ಮಾತಾಡಿಸಿ.