ಕಲಿಕೆಯೂ ಬಂಡವಾಳ

ಬೆಂಗಳೂರಿನ ದಕ್ಷಿಣದಲ್ಲಿ ಪದ್ಮನಾಭನಗರ ಇದೆ. ಬನಶಂಕರಿಯ ಹತ್ತಿರದ ಬಡಾವಣೆ. ದೇವೇಗೌಡ ಪೆಟ್ರೋಲ್ ಬಂಕ್ ಅಂದರೆ ಸಾಕು, ಆಟೋದವರು ಕರೆದುಕೊಂಡು ಬಂದು ಬಿಡ್ತಾರೆ.

ಇಲ್ಲಿ ಒಬ್ಬ ಅಕ್ಕ ಫೋಟೋ ಸ್ಟುಡಿಯೋ ನಡೆಸ್ತಾರೆ ಅಂತ ಇಟ್ಟುಕೊಳ್ಳೋಣ. ಒಂದು ಸಣ್ಣ ಅಂಗಡಿ. ಗೋಡೆಗೆ ನೀಲಿ ಪರದೆ. ಎರಡು ದೀಪ. ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ಮಕ್ಕಳ ಸ್ಕೂಲ್ ಫೀಸು ಎಲ್ಲಾ ಇದರಿಂದಲೇ ನಡೆಯಬೇಕು.

ಅಕ್ಕನ ಹತ್ತಿರ ಉಳಿತಾಯದ ಹಣ ಸ್ವಲ್ಪ ಇದೆ. ಅದರಲ್ಲಿ ಏನು ಮಾಡಬೇಕು? ಹೊಸ ಕ್ಯಾಮೆರಾಗೆ ಮುಂಗಡ ಕೊಡಬೇಕಾ? ತರಬೇತಿಗೆ ಸೇರಬೇಕಾ?

ಮನೆಯಲ್ಲಿ ಹೇಳ್ತಾರೆ: "ಈ ವಯಸ್ಸಿನಲ್ಲಿ ಎಂಥಾ ಪಾಠ? ಆ ದುಡ್ಡಿಗೆ ಸಾಮಾನು ತಗೋ. ಕಣ್ಣಿಗಾದರೂ ಕಾಣುತ್ತೆ."

ಈ ಮಾತು ನಾವೂ ಕೇಳಿದ್ದೇವೆ. ಅಕ್ಷರ ಕಲಿಯೋಕೆ ಹೊರಟಾಗ ನಮಗೂ ಹೀಗೇ ಹೇಳಿದರು, ಅಲ್ವಾ? ಬನ್ನಿ, ಈ ವಿಷಯ ಯೋಚನೆ ಮಾಡೋಣ.

ಕಾಲ ಬದಲಾಯಿತು

ಹಿಂದೆ ಕ್ಯಾಮೆರಾಗೆ ರೀಲು ಹಾಕಬೇಕಿತ್ತು. ಒಂದು ರೀಲಿನಲ್ಲಿ 36 ಫೋಟೋ. ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆಯಬೇಕಿತ್ತು. ಫೋಟೋ ಬೇಕಾದರೆ ಸ್ಟುಡಿಯೋಗೇ ಹೋಗಬೇಕಿತ್ತು.

ಆಮೇಲೆ ರೀಲು ಇಲ್ಲದ ಡಿಜಿಟಲ್ ಕ್ಯಾಮೆರಾ ಬಂತು. ಅದರ ಹಿಂದೆಯೇ ಮೊಬೈಲ್ ಬಂತು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. 2010ರಲ್ಲಿ ಆಧಾರ್ ಶುರುವಾಯಿತು. ಅದಕ್ಕೆ ಫೋಟೋವನ್ನು ಆಧಾರ್ ಕೇಂದ್ರದಲ್ಲೇ ತೆಗೀತಾರೆ. ಸಣ್ಣ ಫೋಟೋ ಕೆಲಸ ಕಡಿಮೆ ಆಯಿತು.

ಅಮೆರಿಕದ ಕೊಡಕ್ ಕಂಪನಿಯ ಹೆಸರು ನೀವು ಕೇಳಿರಬಹುದು. ರೀಲಿನ ಹಳದಿ ಡಬ್ಬಿ ಮೇಲೆ ಅದರ ಹೆಸರು ಇರುತ್ತಿತ್ತು. ರೀಲು ಬೇಡದ ಕ್ಯಾಮೆರಾವನ್ನು 1975ರಲ್ಲಿ ಮೊದಲು ಮಾಡಿದ್ದು ಅದೇ ಕಂಪನಿಯ ಎಂಜಿನಿಯರು! ಆದರೂ ಕಂಪನಿ ರೀಲಿನ ವ್ಯಾಪಾರವನ್ನೇ ನಂಬಿ ಕೂತಿತು. 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ನೂರು ವರ್ಷ ದಾಟಿದ ಕಂಪನಿಗೇ ಹೀಗಾಯಿತು. ಸಣ್ಣ ಅಂಗಡಿಯ ಪಾಡೇನು?

ಹಾಗಂತ ಫೋಟೋ ಕೆಲಸವೇ ಹೋಯಿತಾ? ಇಲ್ಲ. ಕೆಲಸದ ರೀತಿ ಬದಲಾಯಿತು. ನಾಮಕರಣ, ಸೀಮಂತ, ಆರತಿ, ಗೃಹಪ್ರವೇಶ, ಮದುವೆ ಎಲ್ಲಕ್ಕೂ ಫೋಟೋ ಬೇಕು. ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವವರಿಗೆ ಬೇಕು. ಸೀರೆ ಮಾರುವವರಿಗೆ ಬೇಕು. ಬಾಣಂತಿ ಮತ್ತು ಕೂಸಿನ ಫೋಟೋ ತೆಗೆಯೋಕೆ ಹೆಂಗಸರೇ ಬರಲಿ ಅನ್ನುವವರಿದ್ದಾರೆ. ಆದರೆ ಇವೆಲ್ಲ ಮೊಬೈಲಿಗಿಂತ ಚೆನ್ನಾಗಿರಬೇಕು. ಇಲ್ಲದಿದ್ದರೆ ಜನ ದುಡ್ಡು ಯಾಕೆ ಕೊಡ್ತಾರೆ?

ಏನೇನು ಕಲಿಯಬೇಕು?

ಒಂದು, ಬೆಳಕು. ಫೋಟೋ ಅಂದರೆ ಬೆಳಕಿನ ಕೆಲಸ. ಮಟಮಟ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಫೋಟೋ ತೆಗೆದರೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತೆ. ಅದೇ ಮನುಷ್ಯರನ್ನು ಕಿಟಕಿ ಪಕ್ಕ ಕೂರಿಸಿ. ಒಂದು ಕೆನ್ನೆಗೆ ಬೆಳಕು ಬೀಳುತ್ತೆ. ಇನ್ನೊಂದು ಕೆನ್ನೆ ಕಪ್ಪಾಗುತ್ತೆ. ಆ ಕಡೆ ಒಂದು ಬಿಳಿ ಪಂಚೆ ಹಿಡಿಯಿರಿ. ಪಂಚೆಯಿಂದ ಬೆಳಕು ತಿರುಗಿ ಬಂದು ನೆರಳು ತಿಳಿಯಾಗುತ್ತೆ. ಇದಕ್ಕೆ ಹೊಸ ಕ್ಯಾಮೆರಾ ಬೇಕಾ? ಬೇಡ. ತಿಳಿವಳಿಕೆ ಬೇಕು.

ಎರಡು, ಕಂಪ್ಯೂಟರ್. ಫೋಟೋ ತಿದ್ದುವುದು, ಬಣ್ಣ ಸರಿ ಮಾಡುವುದು, ಆಲ್ಬಮ್ ಜೋಡಿಸುವುದು ಅದರಲ್ಲೇ.

ಮೂರು, ವ್ಯವಹಾರ. ಇದನ್ನು ತುಂಬಾ ಜನ ಕಲಿಯುವುದೇ ಇಲ್ಲ. ಒಂದು ಲೆಕ್ಕ ನೋಡಿ. ಒಂದು ನಾಮಕರಣಕ್ಕೆ ಅಕ್ಕ 3,000 ರೂಪಾಯಿ ತಗೊಂಡರು. ಆಲ್ಬಮ್‌ಗೆ 900 ಹೋಯಿತು. ಜೊತೆಗೆ ಬಂದ ಹುಡುಗಿಗೆ 500 ಕೊಟ್ಟರು. ಆಟೋಗೆ 200. ಉಳಿದದ್ದು 1,400 ರೂಪಾಯಿ.

ಇದಕ್ಕೆ ಎಷ್ಟು ಹೊತ್ತು ದುಡಿದರು? ಸಮಾರಂಭದಲ್ಲಿ 4 ಗಂಟೆ. ಆಮೇಲೆ ಕಂಪ್ಯೂಟರ್ ಮುಂದೆ ಕೂತು 6 ಗಂಟೆ. ಒಟ್ಟು 10 ಗಂಟೆ. ಅಂದರೆ ಗಂಟೆಗೆ 140 ರೂಪಾಯಿ. ಅದರಲ್ಲೇ ಅಂಗಡಿ ಬಾಡಿಗೆಯೂ ಬರಬೇಕು. ರೇಟು ಹೇಳುವಾಗ ಆ 6 ಗಂಟೆಯನ್ನು ಮರೆತರೆ ನಮ್ಮ ದುಡಿಮೆ ಪುಕ್ಕಟೆ ಹೋಯಿತು.

ಫೀಸು ವಾಪಸು ಬರುತ್ತಾ?

ಬೀಜಕ್ಕೆ ದುಡ್ಡು ಹಾಕುವ ರೈತ ಬೆಳೆಯ ಲೆಕ್ಕ ಹಾಕ್ತಾನೆ. ಕಲಿಕೆಗೂ ಹಾಗೇ ಲೆಕ್ಕ ಬೇಕು.

ಹತ್ತು ದಿನದ ತರಬೇತಿ ಅಂತ ಇಟ್ಟುಕೊಳ್ಳಿ.

ಫೀಸು 6,000 ರೂಪಾಯಿ.
ಪುಸ್ತಕ, ಪ್ರಿಂಟಿನ ಕಾಗದ 700 ರೂಪಾಯಿ.
ಹತ್ತು ದಿನ ಅಂಗಡಿ ಮುಚ್ಚಿದರೆ, ದಿನಕ್ಕೆ 450ರಂತೆ ನಷ್ಟ 4,500 ರೂಪಾಯಿ.
ಒಟ್ಟು 11,200 ರೂಪಾಯಿ.

ಬಸ್ ಖರ್ಚು ಬರೆದಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ.

ಈಗ ನೋಡಿ. ಒಂದು ನಾಮಕರಣಕ್ಕೆ 1,400 ಉಳಿಯುತ್ತೆ. ಎಂಟು ಕೆಲಸ ಮಾಡಿದರೆ 11,200. ಚೆನ್ನಾಗಿ ಕಲಿತು ತಿಂಗಳಿಗೆ ಎರಡು ಕೆಲಸ ಹೆಚ್ಚಿಗೆ ಸಿಕ್ಕರೆ ನಾಲ್ಕು ತಿಂಗಳಲ್ಲಿ ಹಾಕಿದ ಹಣ ವಾಪಸು. ಮುಂದಿನದು ಲಾಭ. ಕಲಿತದ್ದು ತುಕ್ಕು ಹಿಡಿಯುವುದಿಲ್ಲ. ಯಾರೂ ಕದಿಯುವುದಿಲ್ಲ.

ಆದರೆ ಹೆಚ್ಚಿಗೆ ಕೆಲಸ ಸಿಗದಿದ್ದರೆ? ಆಗ ಫೀಸು ನಷ್ಟವೇ. ಅದಕ್ಕೇ ಮೊದಲು ವಿಚಾರಿಸಬೇಕು. ನಮ್ಮ ಬೀದಿಯಲ್ಲಿ ಎಂಥ ಫೋಟೋಗೆ ಗಿರಾಕಿ ಇದ್ದಾರೆ? ಅದನ್ನೇ ಕಲಿಯಬೇಕು. ಕಲಿಯೋಕೆ ಅಂತ ಮೀಟರ್ ಬಡ್ಡಿ ಸಾಲ ಮಾಡಬಾರದು. ಕೆಲಸ ಬಂದಾಗಲೆಲ್ಲ ಒಂದು ಡಬ್ಬಿಯಲ್ಲಿ ನೂರು ರೂಪಾಯಿ ಹಾಕಿಡಿ. ಅದು ಕಲಿಕೆಯ ಡಬ್ಬಿ.

ಹಣ ಕಟ್ಟುವ ಮುಂಚೆ

"ಒಂದೇ ದಿನದಲ್ಲಿ ಕಲಿಸ್ತೀವಿ. ತಿಂಗಳಿಗೆ ಲಕ್ಷ ಬರುತ್ತೆ." ಹೀಗೆ ಹೇಳುವವರು ಇದ್ದಾರೆ. ಬಣ್ಣದ ಮಾತಿಗೆ ಮರುಳಾಗಬೇಡಿ. ಈ ಪ್ರಶ್ನೆ ಕೇಳಿ.

ಏನೇನು ಕಲಿಸ್ತೀರಿ? ಬರೆದು ಕೊಡಿ.
ಕ್ಯಾಮೆರಾ ನಮ್ಮ ಕೈಗೆ ಕೊಡ್ತೀರಾ, ಬರೀ ತೋರಿಸ್ತೀರಾ?
ಕಲಿಸುವವರು ತೆಗೆದ ಫೋಟೋ ಎಲ್ಲಿದೆ?
ಇಲ್ಲಿ ಕಲಿತವರನ್ನು ಮಾತಾಡಿಸಬಹುದಾ?
ಕನ್ನಡದಲ್ಲಿ ಹೇಳಿಕೊಡ್ತೀರಾ?
ನಡುವೆ ಬಿಟ್ಟರೆ ಹಣ ವಾಪಸು ಕೊಡ್ತೀರಾ?

ಹಣ ಕಟ್ಟಿದ ಮೇಲೆ ರಸೀದಿ ಕೇಳಿ. ಓದಿ ನೋಡಿ. ಓದದೆ ಎಲ್ಲೂ ಸಹಿ ಹಾಕಬೇಡಿ. ನಾವು ಅಕ್ಷರ ಕಲಿತದ್ದು ಇದಕ್ಕೇ ಅಲ್ವಾ?

ಎಲ್ಲಿ ಕಲಿಯಬಹುದು?

ಎಲ್ಲ ಕಲಿಕೆಗೂ ಫೀಸು ಇರುವುದಿಲ್ಲ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಅದನ್ನು ಕಟ್ಟಿದರು. ಅಲ್ಲಿ ಪಾಠ, ಊಟ, ವಸತಿ ಎಲ್ಲಾ ಉಚಿತ. ಫೋಟೋ, ವಿಡಿಯೋ ತೆಗೆಯುವುದನ್ನೂ ಕಲಿಸ್ತಾರೆ. ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ನಡೆಸುತ್ತಿವೆ. ಪಾಠ ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ತಾರೆ. ಕೆಲಸ ಹೇಗಿದೆ, ಸಾಲ ಸಿಕ್ಕಿತಾ ಅಂತ ಕೇಳ್ತಾರೆ. ಇವು ಮುಖ್ಯವಾಗಿ ಹಳ್ಳಿಯವರಿಗೆ. ಊರಲ್ಲಿರುವ ತಂಗಿಗೆ, ನಾದಿನಿಗೆ ಈ ಸುದ್ದಿ ತಿಳಿಸಿ.

ಬೆಂಗಳೂರಿನಲ್ಲಿ 'ಅವೇಕ್' ಅಂತ ಮಹಿಳಾ ಉದ್ಯಮಿಗಳ ಸಂಘ ಇದೆ. 1983ರಲ್ಲಿ ಹೆಂಗಸರೇ ಸೇರಿ ಕಟ್ಟಿದ್ದು. ವ್ಯಾಪಾರ ನಡೆಸುವ ದಾರಿ ಅಲ್ಲಿ ಹೇಳಿಕೊಡ್ತಾರೆ. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಅದು ಫೋಟೋ ತೆಗೆಯುವವರ ಕೂಟ.

ಅನುಭವ ಇರುವ ಒಬ್ಬರನ್ನು ಅಂಗಡಿಗೆ ಕರೆಸುವುದೂ ಒಂದು ದಾರಿ. ಅವರು ನಮ್ಮ ಫೋಟೋ ನೋಡ್ತಾರೆ, ಲೆಕ್ಕದ ಪುಸ್ತಕ ನೋಡ್ತಾರೆ. ಎಲ್ಲಿ ಸೋರುತ್ತಿದೆ ಅಂತ ಹೇಳ್ತಾರೆ. ಹತ್ತು ಜನರ ನಡುವೆ ಕೇಳೋಕೆ ನಾಚಿಕೆ ಆಗುವ ಪ್ರಶ್ನೆ ಇವರನ್ನು ಕೇಳಬಹುದು.

ಕಲಿತು ದೊಡ್ಡವರಾದವರು

ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಕ್ಯಾಮೆರಾ ಕೆಲಸ ಕಲಿತರು. ಅಷ್ಟಕ್ಕೇ ನಿಲ್ಲಲಿಲ್ಲ. ಮುಂಬೈಗೆ ಹೋಗಿ ಹಿರಿಯ ಕ್ಯಾಮೆರಾದವರ ಕೈಕೆಳಗೆ ಸಹಾಯಕರಾಗಿ ದುಡಿದರು. 1959ರ 'ಕಾಗಜ್ ಕೆ ಫೂಲ್' ಸಿನಿಮಾದಲ್ಲಿ ಅವರು ತಂದ ಬೆಳಕನ್ನು ಜನ ಇವತ್ತಿಗೂ ನೆನೀತಾರೆ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು.

ಹೋಮೈ ವ್ಯಾರಾವಾಲಾ ಗುಜರಾತಿನಲ್ಲಿ ಹುಟ್ಟಿದ ಹೆಣ್ಣುಮಗಳು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಮೊದಮೊದಲು ಅವರು ತೆಗೆದ ಫೋಟೋಗಳು ಗಂಡನ ಹೆಸರಲ್ಲಿ ಅಚ್ಚಾಗುತ್ತಿದ್ದವು. ಅವರು ಕೆಲಸ ಬಿಡಲಿಲ್ಲ. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು, ಅವರದೇ ಹೆಸರಿಗೆ.

ನಾವೆಲ್ಲ ಅಷ್ಟು ದೊಡ್ಡವರಾಗಬೇಕಾಗಿಲ್ಲ. ನಮ್ಮ ಅಂಗಡಿ ಬಾಗಿಲು ತೆರೆದಿರಬೇಕು. ಬೋರ್ಡಿನ ಮೇಲೆ ನಮ್ಮ ಹೆಸರು ಇರಬೇಕು. ಕ್ಯಾಮೆರಾ ಹಳೆಯದಾಗುತ್ತೆ, ಆಗ ಹೊಸದು ತಗೊಳ್ಳೋಣ. ಆದರೆ ಅದನ್ನು ಹಿಡಿಯುವ ಕೈ ಮೊದಲು ಕಲಿಯಲಿ.

ಯೋಚಿಸಿ, ಮಾತಾಡಿ

ನಿಮ್ಮ ಕಸುಬು ಯಾವುದು? ಹೊಲಿಗೆಯೋ, ಹೂವಿನ ವ್ಯಾಪಾರವೋ, ಅಡುಗೆಯೋ?
ಆ ಕಸುಬಿನಲ್ಲಿ ಹೊಸದಾಗಿ ಏನು ಬಂದಿದೆ?
ಅದನ್ನು ಕಲಿಯೋಕೆ ಎಷ್ಟು ದಿನ, ಎಷ್ಟು ಹಣ ಬೇಕು?
ಆ ಹಣ ಎಷ್ಟು ತಿಂಗಳಲ್ಲಿ ವಾಪಸು ಬರುತ್ತೆ? ಲೆಕ್ಕ ಬರೆದು ನೋಡಿ.