ತಡೆಯುವವನ ಬೆಲೆ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಬಸ್ ನಿಲ್ದಾಣದ ಎದುರು, ಚಹಾದಂಗಡಿಯ ಪಕ್ಕ, ಲೈಟ್ ಕಂಬದ ಮೇಲೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಯ ಫ್ಲೆಕ್ಸ್‌ಗಳು ಏಳುತ್ತವೆ. ಮೇಲೆ ಊರ ದೇವರು, ಅದರ ಕೆಳಗೆ ಮಠದ ಸ್ವಾಮಿಗಳು ಮತ್ತು ಊರ ಹಿರಿಯರು. ನಡುವೆ ಕಾಲು ಚಾಚಿ ಗಾಳಿಯಲ್ಲಿ ಹಾರುತ್ತಿರುವ ಒಬ್ಬ ರೈಡರ್. ತಳದಲ್ಲಿ ಬಹುಮಾನಗಳ ಪಟ್ಟಿ, ಪಟ್ಟಿಯ ಕೊನೆಗೆ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, ಆಲ್‌ರೌಂಡರ್. ಹಾರುವವನ ಕಾಲಿಗೆ ಹೊಂಚು ಹಾಕಿ ಕುಳಿತವನ ಚಿತ್ರ ಹಾಕಿದ ಫ್ಲೆಕ್ಸನ್ನು ನಾನಂತೂ ಕಂಡಿಲ್ಲ.

ಕ್ಯಾಚರ್‌ಗೆ ಒಂದು ಕಪ್ಪಾದರೂ ಉಂಟು. ಅವನ ಹಿಂದೆ ಮುಂದೆ ನಿಂತು ಆ ಹಿಡಿತ ಸಾಧ್ಯವಾಗುವಂತೆ ಮಾಡಿದವರಿಗೆ ಅದೂ ಇಲ್ಲ. ಕಬಡ್ಡಿಯಲ್ಲಿ ಪಂದ್ಯ ಗೆಲ್ಲಿಸಿಕೊಡುವ ಕೆಲಸದಲ್ಲಿ ದೊಡ್ಡ ಪಾಲು ಇಂಥವರದು, ಮತ್ತು ಆ ಪಾಲು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಈ ಲೇಖನ ಅವರ ಪರವಾಗಿ.

ಏಳು ಜನರ ಸಾಲನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎರಡು ತುದಿಗೆ ಇಬ್ಬರು ಕಾರ್ನರ್, ಅವರ ಪಕ್ಕಕ್ಕೆ ಇಬ್ಬರು ಇನ್, ಆಮೇಲೆ ಇಬ್ಬರು ಕವರ್, ನಟ್ಟ ನಡುವೆ ಸೆಂಟರ್. ರೈಡರ್ ಒಳಗೆ ಬಂದರೆ ಅವನಿಗಿರುವುದು 30 ಸೆಕೆಂಡು. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿರುವ ಬಾಕ್ ಲೈನ್ ದಾಟದೆ, ಯಾರನ್ನೂ ಮುಟ್ಟದೆ ಮರಳಿದರೆ ಅವನೇ ಔಟ್. ಇನ್ನೊಂದು ಮೀಟರ್ ಆಚೆಗೆ ಬೋನಸ್ ಗೆರೆ.

ಅನುಭವಿ ಕಾರ್ನರ್ ರೈಡರ್‌ನ ಮುಖ ನೋಡುವುದಿಲ್ಲ. ಕಣ್ಣು, ಹೆಗಲು, ಕೈ ಎಲ್ಲವೂ ಮೋಸ ಮಾಡಬಲ್ಲವು. ಸೊಂಟ ಮತ್ತು ಪಾದ ಅಷ್ಟು ಸುಲಭವಾಗಿ ಮೋಸ ಮಾಡವು. ರೈಡರ್ ಬೋನಸ್‌ಗೋ ಸ್ಪರ್ಶಕ್ಕೋ ಕಾಲು ಚಾಚಿ, ಅದನ್ನು ಹಿಂದೆಳೆದುಕೊಳ್ಳುವ ಅರೆಗಳಿಗೆಯೇ ಹಿಡಿತದ ಹೊತ್ತು. ಮುಂದಕ್ಕೆ ಬಿದ್ದು, ಎರಡೂ ಕೈಯಿಂದ ಕಣಕಾಲನ್ನು ಬಿಗಿದು, ಎದೆಗೆ ಒತ್ತಿಕೊಂಡು ನೆಲದಿಂದ ಎತ್ತಬೇಕು. ಎತ್ತಲಿಲ್ಲವೆಂದರೆ ರೈಡರ್ ಆ ಕಾಲನ್ನೂ ಊರಿಕೊಂಡು, ಹಿಡಿದವನನ್ನೇ ಎಳೆದುಕೊಂಡು ನಡುಗೆರೆ ಮುಟ್ಟುತ್ತಾನೆ. ಜನ ಇಷ್ಟನ್ನು ಕಂಡು ‘ಹಿಡದಾನ್ ನೋಡೋ’ ಎಂದು ಎದ್ದು ನಿಲ್ಲುತ್ತಾರೆ.

ಆದರೆ ಕಾರ್ನರ್ ಅಷ್ಟು ಧೈರ್ಯದಿಂದ ಮುನ್ನುಗ್ಗಿದ್ದು ಹೇಗೆ? ಪಕ್ಕದ ಇನ್ ಅವನ ಕೈ ಹಿಡಿದು ನಿಂತಿದ್ದ. ಕೈ ಬೇಗ ಬಿಟ್ಟರೆ ಕಾರ್ನರ್ ಒಬ್ಬಂಟಿಯಾಗುತ್ತಾನೆ, ತಡವಾಗಿ ಬಿಟ್ಟರೆ ಅವನ ಕೈಯನ್ನು ತಾನೇ ಕಟ್ಟಿಹಾಕಿದಂತೆ. ಆ ಬಿಡುವ ಹೊತ್ತನ್ನು ಕಲಿಯಲು ವರ್ಷಗಳು ಬೇಕು. ಇತ್ತ ಕವರ್ ಎರಡು ಹೆಜ್ಜೆ ಮುಂದೆ ಬಂದು ರೈಡರ್ ಮರಳುವ ದಾರಿಯನ್ನು ಕಿರಿದು ಮಾಡಿದ್ದ. ದಾರಿ ಕಿರಿದಾದ್ದರಿಂದ ರೈಡರ್ ತುದಿಗೆ ಸರಿದ, ತುದಿಗೆ ಸರಿದದ್ದರಿಂದ ಕಾರ್ನರ್‌ನ ಕೈಗೆ ಸಿಕ್ಕ. ಸ್ಕೋರರ್ ಬರೆದುಕೊಳ್ಳುವುದು ಒಂದು ಅಂಕ, ಒಂದು ಹೆಸರು.

ಇದಕ್ಕಿಂತ ದೊಡ್ಡ ಅನ್ಯಾಯ ಖಾಲಿ ರೈಡ್‌ನದು. ಈಗಿನ ಪ್ರೊ ಕಬಡ್ಡಿ ನಿಯಮದಲ್ಲಿ ಒಂದು ತಂಡ ಸತತ ಎರಡು ಬಾರಿ ಅಂಕವಿಲ್ಲದೆ ಮರಳಿದರೆ ಮೂರನೆಯದು ‘ಡೂ ಆರ್ ಡೈ’. ಆ ರೈಡರ್ ಅಂಕ ತರಲೇಬೇಕು, ಇಲ್ಲವಾದರೆ ಔಟ್. ಮೂರನೆಯ ರೈಡ್‌ನಲ್ಲಿ ಅವನು ಸಿಕ್ಕಿಬಿದ್ದರೆ ಹಿಡಿದವನಿಗೆ ಚಪ್ಪಾಳೆ ಸಲ್ಲುತ್ತದೆ. ಅದಕ್ಕೂ ಮೊದಲಿನ ಎರಡು ರೈಡ್‌ಗಳಲ್ಲಿ ಆಸೆಗೆ ಬೀಳದೆ, ಸಾಲು ಕೆಡಿಸದೆ, ಬೋನಸ್ ಗೆರೆಗೆ ಕಾಲು ಸೇರಗೊಡದೆ ನಿಂತವರೇ ಆ ಇಕ್ಕಟ್ಟನ್ನು ಕಟ್ಟಿದವರು. ಅವರ ಒಂದು ನಿಮಿಷದ ದುಡಿಮೆ ದಾಖಲೆಯಲ್ಲಿ ಸೊನ್ನೆ.

ಈ ಸೊನ್ನೆಯ ಸಂಕಟ ಅಮೆರಿಕದ ಫುಟ್‌ಬಾಲಿನಲ್ಲೂ ಇದೆ. ಅಲ್ಲಿ ಚೆಂಡನ್ನು ಎದೆಗವಚಿಕೊಂಡು ನಡುವಿನಿಂದ ನುಗ್ಗುವ ಓಟಗಾರನನ್ನು ತಡೆಯಲು ‘ಡಿಫೆನ್ಸಿವ್ ಟ್ಯಾಕಲ್’ ಎಂಬ ಸ್ಥಾನವಿದೆ. 150 ಕಿಲೋ ಆಸುಪಾಸಿನ ಆಳು. ಎದುರಾಳಿಯ ಇಬ್ಬರು ಒಟ್ಟಾಗಿ ಅವನನ್ನು ಹಿಂದಕ್ಕೆ ತಳ್ಳುತ್ತಾರೆ. ಕದಲದೆ ನಿಲ್ಲುವುದು ಅವನ ಕೆಲಸ. ಅವನು ಇಬ್ಬರನ್ನು ತನ್ನ ಮೈಮೇಲೆ ಎಳೆದುಕೊಂಡರೆ ಹಿಂದಿರುವ ಜೊತೆಗಾರ ಬಿಡುವಾಗಿ ಓಡಿಬಂದು ಓಟಗಾರನನ್ನು ಕೆಡವುತ್ತಾನೆ. ಟ್ಯಾಕಲ್ ಬರೆಯುವುದು ಆ ಜೊತೆಗಾರನ ಹೆಸರಿಗೆ. 2000ನೇ ಸಾಲಿನ ಬಾಲ್ಟಿಮೋರ್ ರೇವನ್ಸ್ ತಂಡದ ರಕ್ಷಣೆಯನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. 16 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 165 ಅಂಕ. ಎದುರಾಳಿಗಳು ಅಷ್ಟೂ ಪಂದ್ಯ ಓಡಿ ಗಳಿಸಿದ್ದು ಬರೀ 970 ಗಜ. 2001ರ ಜನವರಿಯ ಸೂಪರ್ ಬೌಲ್‌ನಲ್ಲಿ ಅವರು ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು 34–7ರಿಂದ ಸೋಲಿಸಿದಾಗ ಪಂದ್ಯಶ್ರೇಷ್ಠನಾದವನು ರೇ ಲೂಯಿಸ್. ಅವನ ಮುಂದೆ ಗೋಡೆಯಾಗಿ ನಿಂತಿದ್ದವರು ಟೋನಿ ಸಿರಗೂಸಾ ಮತ್ತು ಸ್ಯಾಮ್ ಆಡಮ್ಸ್. ಆ ಇಬ್ಬರೂ ತಂಡ ಬಿಟ್ಟ ಕೆಲವು ವರ್ಷಗಳ ನಂತರ, 2006ರಲ್ಲಿ, ರೇವನ್ಸ್ ತಂಡ ತನ್ನ ಮೊದಲ ಸುತ್ತಿನ ಆಯ್ಕೆಯನ್ನು ಹಲೋಟಿ ಎನ್ಗಾಟಾ ಎಂಬ ಮತ್ತೊಬ್ಬ ದೈತ್ಯನಿಗೆ ವ್ಯಯಿಸಿತು.

ಆಮೇಲೆ ಆ ಆಟ ಎಸೆತದ ಕಡೆ ವಾಲಿತು. ಓಟ ತಡೆಯುವ ದಪ್ಪ ಆಳಿಗೆ ದುಡ್ಡು ಸುರಿಯುವುದು ದಂಡ ಎಂಬ ಮಾತು ಬಂತು. ಈಚೆಗೆ ಗಾಳಿ ಮತ್ತೆ ತಿರುಗಿದೆ. ದೂರದ ಎಸೆತ ತಡೆಯಲು ಇಬ್ಬರನ್ನು ಹಿಂದೆ ನಿಲ್ಲಿಸಬೇಕೆಂದರೆ ಮುಂದಿನ ಸಾಲಿನಲ್ಲಿ ಜನ ಕಡಿಮೆಯಾಗುತ್ತಾರೆ. ಇಬ್ಬರ ಕೆಲಸವನ್ನು ಒಬ್ಬನೇ ಮಾಡಬಲ್ಲವನು ಆಗ ಅಗತ್ಯವಾಗುತ್ತಾನೆ. ಫಿಲಡೆಲ್ಫಿಯಾ ಈಗಲ್ಸ್ 2022ರಲ್ಲಿ ಜೋರ್ಡಾನ್ ಡೇವಿಸ್‌ನನ್ನು 13ನೇ ಆಯ್ಕೆಯಾಗಿ ಕರೆದುಕೊಂಡದ್ದು ಇಂಥ ಲೆಕ್ಕದಿಂದ. 2025ರ ಫೆಬ್ರುವರಿಯಲ್ಲಿ ಆ ತಂಡ ಕಾನ್ಸಾಸ್ ಸಿಟಿಯನ್ನು 40–22ರಿಂದ ಸೋಲಿಸಿ ಚಾಂಪಿಯನ್ ಆಯಿತು.

ಕಬಡ್ಡಿಯಲ್ಲಿ ಈ ದಾರಿ ನಮಗಿಲ್ಲ. ಸೀನಿಯರ್ ಪುರುಷರ ವಿಭಾಗದಲ್ಲಿ 85 ಕಿಲೋ ಮಿತಿ. ನಮ್ಮ ಕಡೆಯ ಪಂದ್ಯಾವಳಿಗಳಲ್ಲಿ 55, 60 ಕಿಲೋ ಮಿತಿ ಇಟ್ಟು ಆಡಿಸುವುದೂ ಉಂಟು. ಭಾರದಿಂದ ತಡೆಯಲಾಗದ ಮೇಲೆ ನಿಲುವಿನಿಂದ, ಹೊಂದಾಣಿಕೆಯಿಂದ, ತಾಳ್ಮೆಯಿಂದಲೇ ತಡೆಯಬೇಕು. ಆ ಕಾರಣಕ್ಕೆ ನಮ್ಮ ಇನ್ ಮತ್ತು ಕವರ್‌ಗಳ ಕೆಲಸವನ್ನು ನಾನು ಇನ್ನೂ ಹೆಚ್ಚು ಗೌರವಿಸುತ್ತೇನೆ.

ಗದಗಿನವರಿಗೆ ತಡೆಯುವವನ ಬೆಲೆ ಗೊತ್ತಿಲ್ಲ ಎಂದೇನೂ ಅಲ್ಲ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ನಮ್ಮ ಗದಗಿನ ಸುನೀಲ್ ಜೋಶಿ 10 ಓವರ್ ಹಾಕಿದರು. ಆರು ಮೇಡನ್, ಆರು ರನ್, ಐದು ವಿಕೆಟ್. 117ಕ್ಕೆ ಆಲೌಟಾದ ಆ ತಂಡವನ್ನು ಭಾರತ ಎಂಟು ವಿಕೆಟ್‌ಗಳಿಂದ ಸೋಲಿಸಿತು. ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಗದಗಿನಿಂದ ಹುಬ್ಬಳ್ಳಿಗೆ ಓಡಾಡುತ್ತಿದ್ದ ಜೋಶಿಯವರ ಆ ಸ್ಪೆಲ್ಲನ್ನು ಇಲ್ಲಿ ಇಂದಿಗೂ ಬಾಯಿಪಾಠ ಒಪ್ಪಿಸುವವರಿದ್ದಾರೆ. ಒಪ್ಪಿಸುವಾಗ ಅವರು ಮೊದಲು ಹೇಳುವುದು ಐದು ವಿಕೆಟ್ ಅಲ್ಲ, ಆರು ರನ್. ಹೀಗೆ ಹೇಳಲು ಸಾಧ್ಯವಾದದ್ದು ಕ್ರಿಕೆಟ್ ಸ್ಕೋರ್‌ಬುಕ್ಕಿನಲ್ಲಿ ಮೇಡನ್‌ಗೆ ಒಂದು ಕಾಲಂ ಇದೆ ಎಂಬ ಕಾರಣಕ್ಕೆ. ಏನೂ ಆಗಗೊಡದ ಆರು ಎಸೆತಗಳನ್ನು ಸಾಧನೆಯೆಂದು ಬರೆದಿಡುವ ಪದ್ಧತಿ ಅದು. ಕಬಡ್ಡಿಗೆ ಅಂಥ ಕಾಲಂ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ಬೆಟಗೇರಿಯ ವೀರಗಲ್ಲುಗಳಿವೆ. ಕನ್ನಡ ನಾಡಿನುದ್ದಕ್ಕೂ ತುರುಗಾಳಗದ ಕಲ್ಲುಗಳು ನೆನೆಯುವುದು ಊರ ದನ ಹೊಡೆದುಕೊಂಡು ಹೋಗಲು ಬಂದವರನ್ನು ಅಡ್ಡಗಟ್ಟಿ ಬಿದ್ದವರನ್ನು. ದಾಳಿ ತಡೆದವನಿಗೆ ಕಲ್ಲು ನೆಡುತ್ತಿದ್ದ ಸೀಮೆಯಲ್ಲಿ ಇಂದಿನ ಹುಡುಗರೆಲ್ಲ ರೈಡರ್ ಆಗಬೇಕೆನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಟಿ.ವಿ. ಮತ್ತೆ ಮತ್ತೆ ತೋರಿಸುವುದು ರೈಡನ್ನೇ.

2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದದ್ದು ನೆನಪಿರಬೇಕು. ಗುಜರಾತ್ ವಿರುದ್ಧದ ಆ ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ರೈಡ್ ಅಂಕ ತಂದರು. ಅಮೋಘ ಆಟ, ಎರಡು ಮಾತಿಲ್ಲ. ಆದರೆ ಫಲಿತಾಂಶ 38–33. ಉಳಿದ 16 ಅಂಕ ಎಲ್ಲಿಂದ ಬಂದವು ಎಂದು ನಮ್ಮೂರ ಅಭಿಮಾನಿಗಳನ್ನು ಕೇಳಿದರೆ ಉತ್ತರಕ್ಕೆ ತಡಕಾಡುತ್ತಾರೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಂದಿನ ಫೈನಲ್. ದಬಂಗ್ ಡೆಲ್ಲಿಯ ನವೀನ್ ಕುಮಾರ್ 18 ರೈಡ್ ಅಂಕ ಗಳಿಸಿಯೂ ಸೋತರು. ಬೆಂಗಾಲ್ ವಾರಿಯರ್ಸ್ 39–34ರಿಂದ ಗೆದ್ದಿತು. ಗೆದ್ದ ತಂಡದ ಕೋಚ್ ನಮ್ಮವರೇ ಆದ, 2001ರ ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್.

ರಮೇಶ್ ಅವರ ಇನ್ನೊಂದು ಗೆಲುವು ನನಗೆ ಇದಕ್ಕಿಂತ ಹೆಚ್ಚು ಮುಖ್ಯ. 10ನೇ ಆವೃತ್ತಿಯ ಹರಾಜಿನಲ್ಲಿ ಪವನ್‌ಗೆ 2.60 ಕೋಟಿ ರೂಪಾಯಿ ದಾಟಿ ಬೆಲೆ ಬಂತು. ಎರಡನೆಯ ಸ್ಥಾನದಲ್ಲಿದ್ದವನು ಇರಾನಿನ ಎಡ ಕಾರ್ನರ್ ಮೊಹಮ್ಮದ್‌ರೇಜಾ ಶಾದ್ಲೂಯಿ. ಪುಣೇರಿ ಪಲ್ಟನ್ ಅವನಿಗೆ ಕೊಟ್ಟದ್ದು 2.35 ಕೋಟಿ. ಆ ಆವೃತ್ತಿಯಲ್ಲಿ ಅವನ ಟ್ಯಾಕಲ್ ಅಂಕ 99. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ರಮೇಶ್ ತರಬೇತಿಯ ಪುಣೆ ತಂಡ ಹರಿಯಾಣವನ್ನು 28–25ರಿಂದ ಮಣಿಸಿತು. ಎರಡೂ ಕಡೆ ಮೂವತ್ತು ದಾಟದ ಫೈನಲ್! ಅಂಕ ಬಾರದ ಪಂದ್ಯ ಬೇಸರ ಎನ್ನುವವರುಂಟು. ಪ್ರತಿ ರೈಡ್‌ಗೂ ಉಸಿರು ಬಿಗಿಹಿಡಿಯುವಂತೆ ಮಾಡಿದ ಆ 40 ನಿಮಿಷವನ್ನು ನಾನು ಯಾವ ಸೂಪರ್ ರೈಡ್‌ಗೂ ಬದಲಾಯಿಸಿಕೊಳ್ಳಲಾರೆ.

ಜಕಾರ್ತದ ನೋವನ್ನೂ ಹೇಳಲೇಬೇಕು. 1990ರಿಂದ ಏಷ್ಯನ್ ಕ್ರೀಡಾಕೂಟದ ಪುರುಷರ ಕಬಡ್ಡಿ ಚಿನ್ನವನ್ನು ಬೇರೆ ದೇಶಕ್ಕೆ ಬಿಟ್ಟುಕೊಡದಿದ್ದ ಭಾರತ 2018ರ ಸೆಮಿಫೈನಲ್‌ನಲ್ಲಿ ಇರಾನ್‌ಗೆ 18–27ರಿಂದ ಸೋತಿತು. ನಮ್ಮಲ್ಲಿ ರೈಡರ್‌ಗಳ ಬರವಿತ್ತೇ? ಇಲ್ಲ. ಒಂದಿಡೀ ಪಂದ್ಯದಲ್ಲಿ ಅಷ್ಟು ಬಲದ ತಂಡವನ್ನು 18 ಅಂಕಕ್ಕೆ ಕಟ್ಟಿಹಾಕಿದ ರಕ್ಷಣೆ ಎದುರಿಗಿತ್ತು, ಅದರಲ್ಲಿ ಫಜಲ್ ಅತ್ರಾಚಲಿ ಇದ್ದರು. ಪ್ರೊ ಕಬಡ್ಡಿಯಲ್ಲಿ 500 ಟ್ಯಾಕಲ್ ಅಂಕ ದಾಟಿದವರು ಅವರು. ಪರದೀಪ್ ನರ್ವಾಲ್ ಅವರ ರೈಡ್ ಅಂಕ 1,800 ದಾಟಿದೆ. ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಫಜಲ್ ಚಿಕ್ಕವರಾಗಿ ಕಾಣುತ್ತಾರೆ. ಒಂದು ಟ್ಯಾಕಲ್ ಎದುರಾಳಿಯ ಅತ್ಯುತ್ತಮ ರೈಡರ್‌ನನ್ನು ನಿಮಿಷಗಟ್ಟಲೆ ಬೆಂಚಿನ ಮೇಲೆ ಕೂರಿಸುತ್ತದೆ ಎಂಬುದು ಆ ಸಂಖ್ಯೆಯೊಳಗೆ ಸೇರಿಲ್ಲ. ಅಂಗಳದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಸಿಗುವ ಸೂಪರ್ ಟ್ಯಾಕಲ್‌ನ ಹೆಚ್ಚುವರಿ ಅಂಕವೊಂದೇ ಈ ಕೆಲಸಕ್ಕೆ ನಿಯಮ ಸಲ್ಲಿಸಿರುವ ಗೌರವ.

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ನಮ್ಮ ನೆಲದಲ್ಲಿದೆ. ಗದಗ–ಬೆಟಗೇರಿಯ, ಸುತ್ತಲಿನ ಹಳ್ಳಿಗಳ ಗರಡಿಮನೆಗಳಲ್ಲಿ ಕುಸ್ತಿಯ ಪಟ್ಟು ಕಲಿತ ಹುಡುಗನಿಗೆ ತೊಡೆ ಹಿಡಿತ, ಸೊಂಟದ ಹಿಡಿತ ಹೊಸದಾಗಿ ಹೇಳಿಕೊಡಬೇಕಿಲ್ಲ. ಕಪ್ಪತಗುಡ್ಡದ ಮಗ್ಗುಲಿನ ಊರುಗಳಲ್ಲಿ ಮಸಾರಿ ನೆಲ. ಕಲ್ಲು ಆರಿಸಿ, ಹದಮಾಡಿ, ನೀರು ಚಿಮುಕಿಸಿದರೆ ಬಿದ್ದರೂ ಮೈ ತರಚದ ಅಂಗಳವಾಗುತ್ತದೆ. ಎರೆನೆಲದ ಕಡೆ ಅಂಥ ಮಣ್ಣು ಹೊರಗಿನಿಂದ ತಂದು ಹಾಕಬೇಕು. ಆದರೆ ಮಣ್ಣಿನಲ್ಲಿ ಕಲಿತ ಹಿಡಿತ ಮ್ಯಾಟಿನ ಮೇಲೆ ಹಾಗೇ ನಡೆಯುವುದಿಲ್ಲ. ಮ್ಯಾಟಿನಲ್ಲಿ ರೈಡರ್‌ನ ಶೂ ಕಚ್ಚಿ ನಿಲ್ಲುತ್ತದೆ, ತಿರುವು ಚುರುಕು, ತಪ್ಪಿಗೆ ಕ್ಷಮೆಯಿಲ್ಲ. ತಾಲ್ಲೂಕು ಮಟ್ಟದಿಂದ ಮೇಲೇರಿದ ಹುಡುಗರು ಎಡವುವುದು ಇಲ್ಲಿಯೇ. ಬಲದಿಂದ ಹಿಡಿಯುವ ಅಭ್ಯಾಸ ಬಿಟ್ಟು ಕಾಯುವ ಅಭ್ಯಾಸ ಕಲಿಯುವುದಕ್ಕೆ ಯಾರಾದರೂ ಪಕ್ಕದಲ್ಲಿ ನಿಂತು ತಿದ್ದಬೇಕು.

ತಿದ್ದಿದರೆ ಫಲ ದೀರ್ಘಕಾಲದ್ದು. ತಮಿಳುನಾಡಿನ ಧರ್ಮರಾಜ್ ಚೇರಲಾತನ್ 2016ರಲ್ಲಿ ಪಟ್ನಾ ಪೈರೇಟ್ಸ್ ತಂಡವನ್ನು ನಾಯಕನಾಗಿ ಗೆಲ್ಲಿಸಿದಾಗ ಅವರ ವಯಸ್ಸು 41. ಮೂರು ವರ್ಷದ ನಂತರವೂ ಲೀಗಿನಲ್ಲಿ ಆಡುತ್ತಿದ್ದರು. ಕಾಲಿನ ವೇಗ ತಗ್ಗಿದ ಮೇಲೂ ಓದುವ ಕಣ್ಣು ಉಳಿಯುತ್ತದೆ.

ತಾಲ್ಲೂಕು ದಸರಾ ಕ್ರೀಡಾಕೂಟ ನಡೆಸುವ ದೈಹಿಕ ಶಿಕ್ಷಕರಿಗೂ ಜಾತ್ರೆ ಪಂದ್ಯಾವಳಿಯ ಸಂಘಟಕರಿಗೂ ನನ್ನದೊಂದು ಬೇಡಿಕೆ. ಸ್ಕೋರ್ ಹಾಳೆಯಲ್ಲಿ ಎರಡು ಗೆರೆ ಹೆಚ್ಚಿಗೆ ಎಳೆಯಿರಿ. ಒಂದರಲ್ಲಿ ಎದುರಾಳಿಯ ಖಾಲಿ ರೈಡ್‌ಗಳನ್ನು, ಆ ಹೊತ್ತಿಗೆ ಅಂಗಳದಲ್ಲಿದ್ದವರ ನಂಬರ್ ಸಹಿತ ಬರೆಯಿರಿ. ಇನ್ನೊಂದರಲ್ಲಿ, ಯಶಸ್ವಿ ಹಿಡಿತಕ್ಕೆ ಎರಡನೆಯದಾಗಿ ಕೈಹಾಕಿದವನ ನಂಬರ್. ಜಿಲ್ಲಾ ತಂಡದ ಆಯ್ಕೆಗೆ ಕೂತಾಗ ಈ ಹಾಳೆಗಳನ್ನು ಮುಂದಿಟ್ಟುಕೊಳ್ಳಿ. ಯಾವ ಹುಡುಗ ಒಳಗಿದ್ದಾಗ ಎದುರಾಳಿಗಳು ಬರಿಗೈಲಿ ಮರಳಿದರು ಎಂಬುದು ಹತ್ತು ಪಂದ್ಯಗಳಲ್ಲೇ ಎದ್ದು ಕಾಣುತ್ತದೆ. ಅವನ ಹೆಸರಿನ ಮುಂದೆ ಒಂದೂ ಟ್ಯಾಕಲ್ ಅಂಕ ಇಲ್ಲದಿದ್ದರೂ ಸರಿ, ಅವನನ್ನು ಗದಗಿಗೆ ಕರೆಸಿ.