ಕಲ್ಲಚ್ಚಿನಲ್ಲಿ ಮೂಡಿದ ಕನ್ನಡದ ಮೊದಲ ಪತ್ರಿಕೆ

1843, ಜುಲೈ 1. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದ ದಿನ. ಸಂಪಾದಕ, ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್.

ಮಂಗಳೂರಿನಲ್ಲಿ ಆಗ ಇದ್ದದ್ದು ಕಲ್ಲಚ್ಚು. ನುಣುಪಾದ ಸುಣ್ಣಕಲ್ಲಿನ ಮೇಲೆ ಅಕ್ಷರಗಳು ಜಿಡ್ಡಿನ ಮಸಿಯಲ್ಲಿ ಮೂಡುತ್ತಿದ್ದವು. ಕಲ್ಲಿಗೆ ನೀರು ಸವರಿ ಮಸಿ ಉರುಳಿಸಿದರೆ ಅದು ಅಕ್ಷರಕ್ಕಷ್ಟೇ ಅಂಟುತ್ತದೆ, ಒದ್ದೆ ಜಾಗಕ್ಕಿಲ್ಲ. ಆಮೇಲೆ ಒಂದೊಂದೇ ಹಾಳೆ ಒತ್ತಬೇಕು. ಹದಿನೈದು ದಿನಕ್ಕೊಂದು ಸಂಚಿಕೆ ಎಂದರೆ ಸಣ್ಣ ಕೆಲಸವೇನಲ್ಲ!

ಬೆಲೆ ಒಂದು ದುಡ್ಡು. ಒಳಗೆ ಊರ ವರ್ತಮಾನ, ಸರ್ಕಾರದ ನಿರೂಪ, ಕಥೆ. ಜೊತೆಗೆ ಪುರಂದರದಾಸರ ಪದಗಳು, ಅದೂ ಪಾದ್ರಿಯ ಪತ್ರಿಕೆಯಲ್ಲಿ!

1844ರಲ್ಲಿ ಅದು ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಹೆಚ್ಚು ದಿನ ಬಾಳಲಿಲ್ಲ. ಕರ್ನಾಟಕದಲ್ಲಿ ಜುಲೈ 1 ಇಂದಿಗೂ ಪತ್ರಿಕಾ ದಿನ.